ಹದ ಬಂತು ಎಂದವರಿಗೆ

ಅಂಕಣಗಳ ಸಂಗ್ರಹ ಅಚ್ಚಾಗಿ ಕೈಗೆ ಬಂತು. ಸೋಮವಾರದಿಂದ ಮಧ್ಯಾಹ್ನದ ಅಡುಗೆ ಕಾರ್ಯಕ್ರಮವೂ ಮತ್ತೆ ಶುರು. ಕೆಲವು ತಿಂಗಳು ನನ್ನ ಮೂಗಿಗೆ ವಾಸನೆಯೇ ತಿಳಿಯದೆ ಹೋಗಿತ್ತು ಎನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ, ಅದನ್ನು ಮತ್ತೆ ಕೆದಕುವುದಿಲ್ಲ.

ಸಂಪಾದಕರು, ನಿರ್ಮಾಪಕರು, ಕ್ಯಾಮೆರಾ ಹುಡುಗರು, ಮೂಗಿನ ಡಾಕ್ಟರು, ಪ್ರೂಫ್ ನೋಡಿದ ಅತ್ತಿಗೆ, ಬಗೆಬಗೆಯ ಕಷಾಯ ಬರೆದು ಕಳಿಸಿದ ಓದುಗರು, ಎಲ್ಲರಿಗೂ ಕೈಮುಗಿದೆ. (ಅಷ್ಟೂ ಕಷಾಯ ಕುಡಿದೆ ಎಂದು ಮಾತ್ರ ಹೇಳಲಾರೆ.)

ಇನ್ನು ಅಕ್ಕನ ವಿಷಯ. ಹೆಸರು ಹಾಕಕೂಡದು ಎಂದು ಕಟ್ಟಪ್ಪಣೆಯಾಗಿದೆ. ಶಿರಸಿ ಕಡೆಯವರು, ನಮ್ಮ ಸೆಟ್ಟಿನ ಹಿಂದಿನ ಅಡುಗೆಮನೆ ಅವರದು. 1993ರಲ್ಲಿ ಸಂಜೀವ್ ಕಪೂರ್ ಹಿಂದಿಯಲ್ಲಿ ಟಿವಿ ಅಡುಗೆ ಕಾರ್ಯಕ್ರಮ ಶುರು ಮಾಡಿದ ಮೇಲೆ ಒಂದೊಂದು ವಾಹಿನಿಯಲ್ಲೂ ಒಲೆ ಹೊತ್ತಿತು, ಆದರೆ ತೆರೆಗೆ ಬೇಕಾದದ್ದು ಒಂದೇ ಮುಖ. ಲೈಟಿನ ಬಿಸಿಗೆ ಕೊತ್ತಂಬರಿ ಸೊಪ್ಪು ಬಾಡಿದರೆ ಇನ್ನೊಂದು ಕಟ್ಟು ತೊಳೆದಿಡುವುದು, ಒಂದೇ ಹುಳಿಯನ್ನು ಅರೆಬೆಂದದ್ದು ಒಂದು ಪಾತ್ರೆಯಲ್ಲಿ, ಕುದಿದು ಮುಗಿದದ್ದು ಇನ್ನೊಂದರಲ್ಲಿ ತಯಾರಿಡುವುದು, ಇದೆಲ್ಲ ಕಾಣದ ಕೈಯ ಕೆಲಸ.

ಮೂಗು ಹೋದರೆ ನಾಲಿಗೆ ಪೂರ್ತಿ ಹೋಗುವುದಿಲ್ಲ. ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು. ಇಂಗಿನ ಒಗ್ಗರಣೆಗೂ ಬರೀ ಬಿಸಿ ಎಣ್ಣೆಗೂ ಮಾತ್ರ ವ್ಯತ್ಯಾಸವಿರಲಿಲ್ಲ. ಆದರೂ ಕ್ಯಾಮೆರಾ ಮುಂದೆ "ಘಮ್ ಅಂತಿದೆ ನೋಡಿ" ಎನ್ನಲೇಬೇಕು. ಮೆಂತ್ಯ ಕೆಂಪಾಗುವುದಕ್ಕೂ ಕರಕಲಾಗಿ ಕಹಿಯಾಗುವುದಕ್ಕೂ ನಡುವೆ ಹೆಚ್ಚು ಹೊತ್ತಿಲ್ಲ. ಅಕ್ಕ ಕ್ಯಾಮೆರಾ ಪಕ್ಕ ನಿಂತು, ಹದ ಬಂತೆಂದರೆ ಗದ್ದ ಎತ್ತುತ್ತಿದ್ದರು. ನಾನು ಬಾಣಲೆ ಇಳಿಸುತ್ತಿದ್ದೆ. ಆ ತಿಂಗಳುಗಳ ಅಂಕಣಗಳಲ್ಲಿ ನೀವು ಮೆಚ್ಚಿ ಬರೆದ ಪರಿಮಳವೆಲ್ಲ ಅವರು ಹೇಳಿ ಬರೆಸಿದ್ದು.

ಒಂದು ರಾತ್ರಿ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿ, ಗ್ಯಾಸ್ ತುಂಬಿಕೊಂಡಿತ್ತು. ಸೋರಿದರೆ ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ನಾತ ಬೆರೆಸಿರುತ್ತಾರೆ. ನಾನು ಪಕ್ಕದ ಕೋಣೆಯಲ್ಲೇ ಬರೆಯುತ್ತ ಕೂತಿದ್ದೆ. ಪಾತ್ರೆ ಒಯ್ಯಲು ಬಂದ ಅಕ್ಕ ಬಾಗಿಲಲ್ಲೇ ಕೂಗಿಕೊಂಡರು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ಸ್ವಿಚ್ ಮುಟ್ಟಗೊಡದೆ ನನ್ನನ್ನು ಹೊರಗೆ ಎಳೆತಂದರು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಡುಗೆ ಬಿಟ್ಟು ನನಗೆ ಬೇರೇನು ಬರುತ್ತದೆ? ನನ್ನ ಮನೆಯೇ ನಾರುವುದು ತಿಳಿಯದವಳು ಇನ್ನೊಬ್ಬರಿಗೆ ಏನು ಉಣಿಸಲಿ? ಎಲ್ಲ ಸರಿಹೋಗುತ್ತದೆ ಎಂದೇನೂ ಅಕ್ಕ ಹೇಳಲಿಲ್ಲ. ಮನೆಗೆ ಫೋನ್ ಮಾಡಿ "ಇವತ್ತು ಬರೋದಿಲ್ಲ" ಎಂದರು. ನನಗೆ ನಿದ್ದೆ ಬರುವವರೆಗೂ ಮಲೆನಾಡಿನ ಮದುವೆಮನೆಗಳ ಅಡುಗೆಭಟ್ಟರ ಜಗಳ ಹೇಳುತ್ತ ಕೂತರು. ಬೆಳಿಗ್ಗೆ ಗಂಜಿ ಬಡಿಸಿ ಶೂಟಿಂಗಿಗೆ ಹೊರಡಿಸಿದರು.

ಡಾಕ್ಟರು ದಿನಾ ಮೂಸಲು ಹೇಳಿದ್ದು ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಅಕ್ಕ ಆ ಸಾಲಿಗೆ ಇಂಗು ಸೇರಿಸಿದರು. ಮೊದಲು ಮರಳಿದ್ದು ಇವ್ಯಾವುದೂ ಅಲ್ಲ. ಮಾವಿನಮಿಡಿಯ ಕಾಲಕ್ಕೆ ಊರಿಂದ ಜೀರಿಗೆ ಪರಿಮಳದ ಅಪ್ಪೆಮಿಡಿ ತಂದಿದ್ದರು. ಉಪ್ಪಿಗೆ ಹಾಕುವ ಮುಂಚೆ ಒಂದರ ತೊಟ್ಟು ಮುರಿದು ಮೂಗಿಗೆ ಹಿಡಿದರು. ಸೊನೆ ಚಿಮ್ಮಿ ತುಟಿಗೆ ಬಿತ್ತು. ಉರಿಯ ಹಿಂದೆಯೇ, ತೀರಾ ತೆಳುವಾಗಿ, ಜೀರಿಗೆ! ಇನ್ನೊಂದು ಮುರಿಯಿರಿ ಎಂದೆ, ಮತ್ತೊಂದು ಎಂದೆ. ತೊಟ್ಟು ಹೋದ ಮಿಡಿ ಭರಣಿಯಲ್ಲಿ ಬಾಳುವುದಿಲ್ಲ, ವರ್ಷದ ಉಪ್ಪಿನಕಾಯಿ ಹಾಳು ಮಾಡಿದಿರಿ ಎಂದು ಬೈಯುತ್ತಲೇ ಮುರಿದುಕೊಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು. ಸೊನೆ ಸಿಡಿಯಿತು ಎಂದರು.

ಪುಸ್ತಕದ ಗೌರವಧನದಲ್ಲಿ ಅರ್ಧ ನಿಮ್ಮದು ಎಂದರೆ ಒಪ್ಪಲಿಲ್ಲ. ಸೆಟ್ಟಿನ ರುಬ್ಬುವ ಗ್ರೈಂಡರ್ ನೋಡಿ ನೋಡಿ ಸಾಕಾಗಿದೆ, ಕೊಡಿಸುವುದಾದರೆ ಹೊಸದೊಂದು ಕೊಡಿಸಿ ಎಂದರು. ಕೊಯಮತ್ತೂರಿಗೆ ಆರ್ಡರ್ ಹೋಗಿದೆ. ನಿರ್ಮಾಪಕರೇ, ಬಿಲ್ಲು ನಾನೇ ಕಟ್ಟುತ್ತೇನೆ, ಇಡಲು ಜಾಗ ಮಾಡಿಕೊಡಿ.