ಮೆಗ್ನೀಸಿಯಂ ಡಬ್ಬಿಯಲ್ಲಿ ಲವಣದ ಹೆಸರು ಕನ್ನಡದಲ್ಲೂ ಇರಲಿ

ಮಾನ್ಯ ಸಂಪಾದಕರೇ,

ಎಪ್ಪತ್ತಮೂರು ವರ್ಷದ ನಮ್ಮ ತಾಯಿಗೆ ಕಳೆದ ಚಳಿಗಾಲದಲ್ಲಿ ರಾತ್ರಿ ಹೊತ್ತು ಮೀನಖಂಡ ಹಿಡಿದುಕೊಂಡು ನಿದ್ದೆಯೇ ಇಲ್ಲದಂತಾಗಿತ್ತು. ಮೆಗ್ನೀಸಿಯಂ ಕಡಿಮೆಯಾದರೆ ಹೀಗಾಗುತ್ತದೆ ಎಂದು ನೆರೆಯವರು ಹೇಳಿದ್ದನ್ನು ಕೇಳಿ, ವೈದ್ಯರನ್ನು ವಿಚಾರಿಸದೆ ನಾನು ನೇರವಾಗಿ ನಗರದ ಔಷಧಿ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಹುಡುಗ ಎರಡು ಡಬ್ಬಿಗಳನ್ನು ಮುಂದಿಟ್ಟು, ‘ಇದ್ರಾಗ ಮಿಲಿಗ್ರಾಂ ಜಾಸ್ತಿ ಐತ್ರಿ ಸರ್, ರೇಟೂ ಕಡಿಮೆ’ ಎಂದು ಒಂದನ್ನು ನನ್ನ ಕಡೆ ಸರಿಸಿದ. ಅದನ್ನೇ ತಂದೆ. ಮೂರನೆಯ ದಿನಕ್ಕೆ ತಾಯಿಗೆ ಭೇದಿ ಹತ್ತಿತು. ಎರಡು ದಿನ ಗಂಜಿ, ಓಆರ್‌ಎಸ್ ನೀರಿನಲ್ಲೇ ಕಳೆದರು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ ಅವರನ್ನು ನೋಡಿದ ಮೇಲೆಯೇ ನಾನು ಡಬ್ಬಿಯ ಹಿಂಭಾಗವನ್ನು ತಿರುಗಿಸಿ ಓದಿದ್ದು. ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ‘ಮೆಗ್ನೀಸಿಯಂ ಆಕ್ಸೈಡ್’ ಎಂದಿತ್ತು. ಮೂವತ್ತು ವರ್ಷ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟ ನಾನು ಅಂಗಡಿಯಲ್ಲೇ ಅದನ್ನು ಓದಬೇಕಿತ್ತು.

ಈ ಪತ್ರ ಬರೆಯಲು ಕಾರಣ, ನಮ್ಮ ಬಡಾವಣೆಯಲ್ಲಿಯೇ ಇಂಥ ಡಬ್ಬಿಗಳನ್ನು ತಂದಿಟ್ಟುಕೊಂಡ ಹಿರಿಯರು ಹಲವರಿದ್ದಾರೆ ಮತ್ತು ಎಲ್ಲರೂ ನನ್ನಂತೆಯೇ ದೊಡ್ಡ ಅಂಕಿಯನ್ನು ನೋಡಿ ಕೊಂಡವರು. ಮೆಗ್ನೀಸಿಯಂ ಯಾವ ಮಾತ್ರೆಯಲ್ಲೂ ಒಂಟಿಯಾಗಿ ಇರುವುದಿಲ್ಲ, ಯಾವುದಾದರೊಂದು ಲವಣದ ಅಥವಾ ಸಂಯುಕ್ತದ ರೂಪದಲ್ಲಿ ಇರುತ್ತದೆ. ಹೊಟ್ಟೆಗೆ ಒಗ್ಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಜೊತೆಗಾರನ ಮೇಲೆ ನಿಂತಿದೆ. ಆಕ್ಸೈಡಿನ ತೂಕದಲ್ಲಿ ಶೇ 60ರಷ್ಟು ಮೆಗ್ನೀಸಿಯಂ ಇರುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ, ಬೆಲೆಯೂ ಅಗ್ಗ. ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗದು, ಕರುಳು ಹೀರಿಕೊಳ್ಳುವುದೂ ಕಡಿಮೆ. ಹೀರಲಾಗದೆ ಉಳಿದ ಮೆಗ್ನೀಸಿಯಂ ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ, ಅದರಿಂದಲೇ ಭೇದಿ. ಹಿಂದೆ ಮಲಬದ್ಧತೆಗೆಂದು ಮನೆಮನೆಯಲ್ಲಿ ಇಡುತ್ತಿದ್ದ ಮಿಲ್ಕ್ ಆಫ್ ಮೆಗ್ನೀಸಿಯಾ ಕೆಲಸ ಮಾಡುತ್ತಿದ್ದುದೂ ಇದೇ ಗುಣದಿಂದ.

ಹೊಟ್ಟೆ ಸೂಕ್ಷ್ಮವಿರುವವರಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವುದು ಗ್ಲೈಸಿನೇಟ್ ರೂಪವನ್ನು, ಅಂದರೆ ಗ್ಲೈಸಿನ್ ಎಂಬ ಅಮೈನೊ ಆಮ್ಲದೊಂದಿಗೆ ಕೂಡಿದ ಮೆಗ್ನೀಸಿಯಂ ಅನ್ನು. ಸಿಟ್ರೇಟ್ ಕೂಡ ಚೆನ್ನಾಗಿ ಹೀರಲ್ಪಡುತ್ತದೆ, ಆದರೆ ಸ್ವಲ್ಪ ಸಡಿಲ ಮಾಡುವ ಗುಣ ಅದಕ್ಕಿದೆ. ಮಲಬದ್ಧತೆ ಇರುವವರಿಗೆ ಅದು ಅನುಕೂಲವೇ ಆದೀತು. ಗ್ಲೈಸಿನೇಟ್ ಕೊಳ್ಳುವಾಗ ಒಂದು ಲೆಕ್ಕವನ್ನು ಮರೆಯಬಾರದು. ಅದರಲ್ಲಿ ಮೆಗ್ನೀಸಿಯಂ ಇರುವುದು ತೂಕದ ಶೇ 14ರಷ್ಟು ಮಾತ್ರ, ಹಾಗಾಗಿ 500 ಮಿ.ಗ್ರಾಂ. ಗ್ಲೈಸಿನೇಟಿನಿಂದ ದೇಹಕ್ಕೆ ದೊರೆಯಬಹುದಾದ ಮೆಗ್ನೀಸಿಯಂ ಸುಮಾರು 70 ಮಿ.ಗ್ರಾಂ. ಆ 70 ಎಂಬುದೇ ನಾವು ನೋಡಬೇಕಾದ ಅಂಕಿ, ಡಬ್ಬಿಯ ಮೇಲೆ ಅದನ್ನು ‘ಎಲಿಮೆಂಟಲ್ ಮೆಗ್ನೀಸಿಯಂ’ ಎಂದು ಬರೆದಿರುತ್ತಾರೆ. 500 ಮಿ.ಗ್ರಾಂ. ಗ್ಲೈಸಿನೇಟ್ ಎಂದು ಹೇಳಿ ಎಲಿಮೆಂಟಲ್ 200 ಎಂದು ನಮೂದಿಸಿದ್ದರೆ ಅದರಲ್ಲಿ ಅಗ್ಗದ ಆಕ್ಸೈಡನ್ನು ಬೆರೆಸಿರುವ ಸಾಧ್ಯತೆಯೇ ಹೆಚ್ಚು. ಎಲಿಮೆಂಟಲ್ ಅಂಕಿಯೇ ಇಲ್ಲದ ಡಬ್ಬಿಯನ್ನು ಅಂಗಡಿಯವರಿಗೇ ಹಿಂದಿರುಗಿಸುವುದು ಲೇಸು.

ಪ್ರಮಾಣದ ವಿಷಯದಲ್ಲೂ ಮಿತಿ ಇದೆ. ಆಹಾರದಲ್ಲಿ ಬರುವುದನ್ನು ಬಿಟ್ಟು ಮಾತ್ರೆಗಳಿಂದ ದಿನಕ್ಕೆ ವಯಸ್ಕರು ಸೇವಿಸಬಹುದಾದ ಎಲಿಮೆಂಟಲ್ ಮೆಗ್ನೀಸಿಯಂನ ಗರಿಷ್ಠ ಪ್ರಮಾಣವನ್ನು ಅಮೆರಿಕದ ತಜ್ಞರು 350 ಮಿ.ಗ್ರಾಂ. ಎಂದೂ, ಐರೋಪ್ಯ ಒಕ್ಕೂಟದ ತಜ್ಞರು 250 ಎಂದೂ ಗೊತ್ತುಮಾಡಿದ್ದಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ. ಹೆಚ್ಚಾದ ಮೆಗ್ನೀಸಿಯಂ ಅನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು; ಅದು ದುರ್ಬಲವಾಗಿದ್ದರೆ ರಕ್ತದಲ್ಲಿ ಮೆಗ್ನೀಸಿಯಂ ಏರಿ ರಕ್ತದೊತ್ತಡ ಕುಸಿಯಬಹುದು, ಹೃದಯ ಬಡಿತ ತಪ್ಪಬಹುದು. ಮಧುಮೇಹ, ರಕ್ತದೊತ್ತಡ ಎಷ್ಟೋ ವರ್ಷಗಳಿಂದ ಇರುವ ಹಿರಿಯರು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸದೆ ಈ ಮಾತ್ರೆಯನ್ನು ಮುಟ್ಟಬಾರದು ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಮ್ಮ ತಾಯಿಯನ್ನು ಕೊನೆಗೆ ನೋಡಿದ ವೈದ್ಯರು ಮೊದಲು ಕೇಳಿದ್ದು ಅವರ ಮಾತ್ರೆಗಳ ಚೀಲವನ್ನು. ಅದರಲ್ಲಿ ಆರು ವರ್ಷಗಳಿಂದ ನುಂಗುತ್ತಿದ್ದ ಗ್ಯಾಸ್ ಮಾತ್ರೆ, ಪ್ಯಾಂಟೊಪ್ರಜೋಲ್, ಇತ್ತು. ಈ ಗುಂಪಿನ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದರೆ ಮೆಗ್ನೀಸಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ರಕ್ತ ಪರೀಕ್ಷೆಯಲ್ಲಿ ತಾಯಿಯ ಮೆಗ್ನೀಸಿಯಂ ನಿಜಕ್ಕೂ ಕಡಿಮೆ ಇತ್ತು, ಕ್ರಿಯಾಟಿನಿನ್ ಸರಿಯಾಗಿತ್ತು. ವೈದ್ಯರು ಗ್ಯಾಸ್ ಮಾತ್ರೆ ನಿಲ್ಲಿಸಿ, ರಾತ್ರಿ ಊಟದ ಮೇಲೆ ಎಲಿಮೆಂಟಲ್ 100 ಮಿ.ಗ್ರಾಂ. ಇರುವ ಗ್ಲೈಸಿನೇಟನ್ನು ಬರೆದುಕೊಟ್ಟರು. ಬೆಳಗಿನ ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರವಿರಲೆಂದು ಚೀಟಿಯಲ್ಲಿ ಅಡಿಗೆರೆ ಹಾಕಿದರು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್‌ಗಳನ್ನೂ ಮೆಗ್ನೀಸಿಯಂ ಜೊತೆಯಲ್ಲಿ ನುಂಗಿದರೆ ಅವು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಮತ್ತೆ ಭೇದಿಯಾಗಲಿಲ್ಲ, ಕಾಲು ಹಿಡಿಯುವುದೂ ಕಡಿಮೆಯಾಗಿದೆ. ಹಾಗೆಂದು ಕಾಲು ಹಿಡಿಯುವವರೆಲ್ಲ ಇದನ್ನೇ ನುಂಗಲಿ ಎಂದು ನಾನು ಹೇಳಲಾರೆ. ಕೊರತೆಯಿಲ್ಲದ ವೃದ್ಧರ ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಹೇಳಿಕೊಳ್ಳುವಷ್ಟು ಪ್ರಯೋಜನ ಕೊಡುವುದಿಲ್ಲವೆಂದೇ ಇದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಇನ್ನು ನಮ್ಮ ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಊಟದಿಂದಲೇ ಮೆಗ್ನೀಸಿಯಂ ಪಡೆಯುವುದು ಕಷ್ಟವಲ್ಲ. ನೂರು ಗ್ರಾಂ ಜೋಳ, ರಾಗಿ, ಸಜ್ಜೆಗಳಲ್ಲಿ ಅದು 120ರಿಂದ 150 ಮಿ.ಗ್ರಾಂ. ಆಸುಪಾಸಿನಲ್ಲಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 20ರಷ್ಟು. ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿ, ಎಳ್ಳು, ಹಸಿರು ಸೊಪ್ಪು ಎಲ್ಲವೂ ಒಳ್ಳೆಯ ಮೂಲಗಳೇ. ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನವಾಗಿ ಎಷ್ಟೋ ವರ್ಷಗಳಾಗಿದ್ದವು, ಈಗ ರಾತ್ರಿ ಮತ್ತೆ ರೊಟ್ಟಿ ಬಡಿಯುತ್ತಿದ್ದೇವೆ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಎರಡು. ಇಂಥ ಪೂರಕ ಮಾತ್ರೆಗಳೂ ಸೇರಿದಂತೆ ಆಹಾರದ ಪೊಟ್ಟಣಗಳ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎಂಬುದು ಇಂದಿನ ನಿಯಮ. ಕರ್ನಾಟಕದಲ್ಲಿ ಮಾರುವ ಇಂಥ ಡಬ್ಬಿಗಳ ಮೇಲೆ ಲವಣದ ಹೆಸರು, ಎಲಿಮೆಂಟಲ್ ಪ್ರಮಾಣ ಹಾಗೂ ಮೂತ್ರಪಿಂಡದ ರೋಗಿಗಳಿಗೆ ಎಚ್ಚರಿಕೆ, ಈ ಮೂರನ್ನು ಕನ್ನಡದಲ್ಲೂ ಓದುವಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸುವಂತೆ ಸರ್ಕಾರ ಒತ್ತಾಯಿಸಬೇಕು. ಅಲ್ಲಿಯವರೆಗೆ ನಮ್ಮ ಜಿಲ್ಲೆಯ ಔಷಧಿ ಅಂಗಡಿಗಳ ಫಾರ್ಮಸಿಸ್ಟರು ಮೆಗ್ನೀಸಿಯಂ ಕೇಳಿ ಬಂದ ಹಿರಿಯರಿಗೆ ಡಬ್ಬಿ ಕೊಡುವ ಮೊದಲು, ‘ಕಿಡ್ನಿ ತೊಂದರೆ ಇದೆಯೇ, ಬೇರೆ ಯಾವ ಮಾತ್ರೆ ತಗೊಳ್ತೀರಿ’ ಎಂದು ಕೇಳುವ ರೂಢಿ ಮಾಡಿಕೊಳ್ಳಲಿ.

– ನಿವೃತ್ತ ಉಪನ್ಯಾಸಕ, ವಿದ್ಯಾನಗರ, ದಾವಣಗೆರೆ