ಶನಿವಾರದ ಪಾರಿಜಾತ ಲೈವ್: ಯಾವ ಸಾಮಾನು ಬೇಕು

ಎಲ್ಲರಿಗೂ ನಮಸ್ಕಾರ.

ಬರುವ ಶನಿವಾರ ರಾತ್ರಿ 10ಕ್ಕೆ ಬಾಗಲಕೋಟೆ ನವನಗರದಲ್ಲಿ ನಮ್ಮ ಶ್ರೀಕೃಷ್ಣ ಪಾರಿಜಾತದ ಆಟ ಇದೆ. ಪುಣೆ, ಬೆಂಗಳೂರಿನಲ್ಲಿ ಇರುವ ನಮ್ಮವರಿಗಾಗಿ ಯೂಟ್ಯೂಬ್‌ನಲ್ಲಿ ಲೈವ್ ಬಿಡುತ್ತಿದ್ದೇವೆ. ಕ್ಯಾಮೆರಾ, ಸೌಂಡ್, ನೆಟ್ ನೋಡಿಕೊಳ್ಳುವವರು ಪೂರ್ತಿ ಓದಿ.

ಹೊಸ ಕ್ಯಾಮೆರಾ ಸುಮ್ನೆ ಖರ್ಚು. ಯಾರ ಹತ್ತಿರವಾದರೂ ಎಚ್‌ಡಿಎಂಐ ಔಟ್ (ಚಿತ್ರವನ್ನು ಕೇಬಲ್‌ನಲ್ಲಿ ಹೊರಗೆ ಕೊಡುವ ಕಿಂಡಿ) ಇರುವ ಕ್ಯಾಮೆರಾ ಇದ್ದರೆ ಸಾಕು. ಆದರೆ ಟಿವಿಗೆ ಹಚ್ಚಿ ನೋಡಿ: ಬ್ಯಾಟರಿ ಗುರುತು, ಫೋಕಸ್ ಚೌಕ ಪರದೆ ಮೇಲೆ ಬಂದರೆ ಲೈವ್‌ನಲ್ಲೂ ಬರುತ್ತವೆ. ಬ್ಯಾಟರಿ ಬದಲು ಕರೆಂಟಿನ ಅಡಾಪ್ಟರ್ ಬೇಕೇ ಬೇಕು.

ಕ್ಯಾಮೆರಾ ಚಿತ್ರವನ್ನು ಲ್ಯಾಪ್‌ಟಾಪ್‌ಗೆ ಕೊಡುವ ಕ್ಯಾಪ್ಚರ್ ಕಾರ್ಡ್ ಯುಎಸ್‌ಬಿ 3.0 ಇರಲಿ. ಡಬ್ಬಿ ಮೇಲೆ 4ಕೆ ಅಂತ ದೊಡ್ಡದಾಗಿ ಬರೆದಿದ್ದಕ್ಕೆ ಮರುಳಾಗಬೇಡಿ, ನಮಗೆ 720ಪಿ ಸಾಕು.

ದುಡ್ಡು ಹಾಕುವುದಾದರೆ ಸೌಂಡಿಗೆ ಹಾಕೋಣ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಹಾಡು ಕೇಳದಿದ್ದರೆ ಎದ್ದು ಹೋಗುತ್ತಾರೆ, ಅಲ್ವಾ? ಕ್ಯಾಮೆರಾ ಮೈಕ್ ನಂಬಬೇಡಿ. ಮಿಕ್ಸರ್‌ನಿಂದ ಆಡಿಯೋ ಇಂಟರ್ಫೇಸ್ (ಸೌಂಡನ್ನು ಲ್ಯಾಪ್‌ಟಾಪ್‌ಗೆ ಕೊಡುವ ಡಬ್ಬಿ) ಮೂಲಕ ನೇರ ಲ್ಯಾಪ್‌ಟಾಪ್‌ಗೆ ತಗೊಳ್ಳೋಣ.

ನೆಟ್ ಲೆಕ್ಕ: ಲೈವ್ 4 ಎಂಬಿಪಿಎಸ್ ವೇಗದಲ್ಲಿ ಕಳಿಸಿದರೆ ಗಂಟೆಗೆ ಸುಮಾರು 1.8 ಜಿಬಿ. ಬೆಳಗಿನ 4ರವರೆಗೆ ಆಡಿದರೆ 11 ಜಿಬಿ ಹತ್ತಿರ. ದಿನದ ಪ್ಯಾಕ್ ನಡುರಾತ್ರಿಗೂ ಬಾಳುವುದಿಲ್ಲ. ಅಪ್‌ಲೋಡ್ ವೇಗ ಕನಿಷ್ಠ 8 ಎಂಬಿಪಿಎಸ್ ಇರುವ ಬ್ರಾಡ್‌ಬ್ಯಾಂಡ್ ಪಕ್ಕದಲ್ಲಿ ಯಾರದಾದರೂ ಇದೆಯಾ?

ಚಾನೆಲ್ ನೋಡಿಕೊಳ್ಳುವವರು ಯೂಟ್ಯೂಬ್‌ನಲ್ಲಿ ಲೈವ್ ಸೌಲಭ್ಯ ಇವತ್ತೇ ಆನ್ ಮಾಡಿಡಿ. ಮೊದಲ ಸಲ ಒಪ್ಪಿಗೆಗೆ 24 ಗಂಟೆ ಹಿಡಿಯಬಹುದು.

ನಿಮ್ಮ ಹತ್ತಿರ ಏನಿದೆ, ಯಾವ ಮಾಡೆಲ್ ಅಂತ ಬುಧವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಫೋಟೋ ಹಾಕಿದರೆ ಇನ್ನೂ ಚಲೋ. ಗುರುವಾರ ಸಂಜೆ 6ಕ್ಕೆ ಎಲ್ಲ ಜೋಡಿಸಿ ಒಂದು ಗಂಟೆ ಟ್ರಯಲ್.