ಕೇಬಲ್ ಸರಿ ಇದ್ದರೂ ಬ್ರಾಂಚ್ ಸಿಗುವುದಿಲ್ಲ, ಯಾಕೆ?

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ಸಾಕು, ಹಾಸನ, ಚಿಕ್ಕಮಗಳೂರು ಕಡೆಯ ಸೊಸೈಟಿ, ಆಫೀಸುಗಳಲ್ಲಿ 'ಸರ್ವರ್ ಇಲ್ಲ' ಅನ್ನುವ ಚೀಟಿ ಅಂಟಿಸುತ್ತಾರೆ. ಬೈಗುಳವೆಲ್ಲ ಮಳೆಗೆ, ಇಲ್ಲವೇ ಜೆಸಿಬಿಗೆ. ರಸ್ತೆ ಅಗೆಯುವಾಗ ಕೇಬಲ್ ಕಿತ್ತು ಬರುವುದು, ಮೂಡಿಗೆರೆ ಕಡೆ ಮರ ಬಿದ್ದು ಕರೆಂಟೇ ಇಲ್ಲದಿರುವುದು ಎಲ್ಲ ನಿಜ. ಆದರೆ ಬ್ರಾಂಚ್‌ಗಳನ್ನು ಹೆಡ್ ಆಫೀಸಿಗೆ ಜೋಡಿಸುವುದೇ ನನ್ನ ಕೆಲಸ. ಕೇಬಲ್ ಚೆನ್ನಾಗಿದ್ದು, ಹಸಿರು ಲೈಟು ಉರಿಯುತ್ತಿದ್ದು, ಆದರೂ ಬ್ರಾಂಚ್ ಸಿಗದೆ ಜನ ವಾಪಸ್ ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ತಪ್ಪಿರುವುದು ರೂಟಿಂಗ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಅಂತ ರೂಟರ್‌ಗಳಿಗೆ ತಿಳಿಸುವ ವ್ಯವಸ್ಥೆ. ಅದು ಯಾರ ಜವಾಬ್ದಾರಿ ಅಂತ ಎಲ್ಲೂ ಬರೆದಿರುವುದಿಲ್ಲ.

ಬ್ರಾಂಚ್‌ಗಳನ್ನು ಜೋಡಿಸುವ ಈ ಸೇವೆಗೂ ವಿಪಿಎನ್ ಅಂತಲೇ ಹೆಸರು, ಆದರೆ ನಾನು ಹೇಳುತ್ತಿರುವುದು ಮೊಬೈಲಿಗೆ ಹಾಕಿಕೊಳ್ಳುವ ವಿಪಿಎನ್ ಅಲ್ಲ. ಟೆಲಿಕಾಂ ಕಂಪನಿ ತನ್ನ ಎಂಪಿಎಲ್‌ಎಸ್ (ಡೇಟಾ ತುಣುಕುಗಳಿಗೆ, ಅಂದರೆ ಪ್ಯಾಕೆಟ್‌ಗಳಿಗೆ, ಲೇಬಲ್ ಅಂಟಿಸಿ ಸಾಗಿಸುವ) ಜಾಲದ ಮೇಲೆ ಒಬ್ಬೊಬ್ಬ ಗ್ರಾಹಕನಿಗೂ ಬೇರೆ ಬೇರೆ ರೂಟಿಂಗ್ ಟೇಬಲ್ (ದಾರಿಗಳ ಪಟ್ಟಿ) ಇಟ್ಟು ಕೊಡುವ ಸೇವೆ ಇದು. ಆ ಟೇಬಲ್ಲಿಗೆ ವಿಆರ್‌ಎಫ್ ಅಂತಾರೆ. ಪಕ್ಕದ ಆಸ್ಪತ್ರೆಯವರೂ 10.1.1.0 ಅಂತ ವಿಳಾಸ ಇಟ್ಟುಕೊಂಡಿರಲಿ, ನಾವೂ ಅದನ್ನೇ ಇಟ್ಟುಕೊಂಡಿರಲಿ, ತೊಂದರೆ ಇಲ್ಲ. ವಿಳಾಸದ ಮುಂದೆ 8 ಬೈಟಿನ ರೂಟ್ ಡಿಸ್ಟಿಂಗ್ವಿಷರ್ ಅನ್ನುವ ಗುರುತು ಸೇರಿಸಿ ಕಂಪನಿಯವರು ಎರಡನ್ನೂ ಬೇರೆ ಮಾಡುತ್ತಾರೆ. ಇದೇನೂ ಹೊಸದಲ್ಲ. ಇಂಟರ್‌ನೆಟ್ಟಿನ ತಾಂತ್ರಿಕ ದಾಖಲೆಯಾದ 1999ರ ಆರ್‌ಎಫ್‌ಸಿ 2547ರಲ್ಲೇ ಇತ್ತು, 2006ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 4364 ಬಂತು. ಆದರೆ ನಮ್ಮದೇ ಎರಡು ಬ್ರಾಂಚಿನಲ್ಲಿ ಒಂದೇ ವಿಳಾಸ ಇದ್ದರೆ ಇದು ಕಾಪಾಡುವುದಿಲ್ಲ. ಬೇಲೂರಿನಲ್ಲೂ ಆಲೂರಿನಲ್ಲೂ ಅಂಗಡಿಯಿಂದ ತಂದ ವೈಫೈ ಡಬ್ಬವನ್ನು ಹಾಗೇ ಸಿಕ್ಕಿಸಿ, ಎರಡೂ ಕಡೆ 192.168.1.0 ಅಂತ ಬಿಟ್ಟರೆ ಪ್ಯಾಕೆಟ್ ಯಾವ ಕಡೆ ಹೋಗಬೇಕು ಹೇಳಿ?

ಮೂಡಿಗೆರೆಯ ಒಂದು ಬ್ರಾಂಚಿಗೆ ಹೊಸ ಲೈನ್ ಬಂದಾಗ ಆಗಿದ್ದು ಬೇರೆ. ರೂಟರ್‌ಗಳು ತಮಗೆ ಗೊತ್ತಿರುವ ದಾರಿಗಳನ್ನು (ರೂಟ್) ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೋಕಾಲ್ ಬಿಜಿಪಿ, ಅದರಲ್ಲಿ ಜಾಲವನ್ನು ಗುರುತಿಸುವುದು ಎಎಸ್ ನಂಬರ್. ಹಾಸನದಲ್ಲೂ ಅಲ್ಲೂ ಬಿಜಿಪಿಗೆ ಒಂದೇ ಎಎಸ್ ನಂಬರ್, 65010, ಕೊಟ್ಟಿದ್ದರು. ಹೀಗೆ ಎಲ್ಲ ಬ್ರಾಂಚಿಗೂ ಒಂದೇ ನಂಬರ್ ಕೊಡುವುದು ಮಾಮೂಲಿ, ತಪ್ಪೇನಲ್ಲ. ಬಿಜಿಪಿ ಸಂಪರ್ಕ (ಸೆಷನ್) ಎಸ್ಟಾಬ್ಲಿಶ್ಡ್ ಅಂತ ತೋರಿಸುತ್ತಿತ್ತು, ಕಂಪನಿಯ ರೂಟರಿಗೆ ಪಿಂಗ್ ಹೋಗುತ್ತಿತ್ತು, ಆದರೆ ಟೇಬಲ್ ತೆಗೆದು ನೋಡಿದರೆ ಹಾಸನದ ಒಂದು ರೂಟೂ ಇಲ್ಲ. ಹಾಸನದಿಂದ ಹೊರಟ ರೂಟ್ ಕಂಪನಿಯ ಜಾಲ ದಾಟಿ ಮೂಡಿಗೆರೆಗೆ ಬರುವಾಗ ಅದರ ದಾರಿಯ ಪಟ್ಟಿಯಲ್ಲಿ 65010 ಇರುತ್ತದೆ. ಅಲ್ಲಿನ ರೂಟರ್ ತನ್ನದೇ ನಂಬರ್ ಕಂಡು, ಇದು ಸುತ್ತಿ ನನ್ನ ಹತ್ತಿರಕ್ಕೇ ಬಂದಿದೆ ಅಂದುಕೊಂಡು ಸುಮ್ನೆ ಬಿಸಾಕುತ್ತದೆ. ಬಿಜಿಪಿ ಮಾಡಬೇಕಾದ್ದೇ ಅದು. ಕಂಪನಿ ತನ್ನ ರೂಟರಿನಲ್ಲಿ ಎಎಸ್ ಓವರ್‌ರೈಡ್ ಅಂತ ಒಂದು ಸಾಲು ಹಾಕಿದರೆ ಮುಗಿಯಿತು, 65010 ಜಾಗದಲ್ಲಿ ಕಂಪನಿಯ ನಂಬರ್ ಬಂದು ಕೂರುತ್ತದೆ. ಇಲ್ಲದಿದ್ದರೆ ನಮ್ಮ ರೂಟರಿನಲ್ಲಿ, ತನ್ನ ನಂಬರ್ ಕಂಡರೂ ರೂಟ್ ಒಪ್ಪಿಕೋ ಅನ್ನುವ ಅಲೌಎಎಸ್-ಇನ್ ಹಾಕಬಹುದು. (ಒಂದೇ ಬ್ರಾಂಚಿಗೆ ಎರಡು ಲೈನ್ ಇದ್ದರೆ ರೂಟ್ ಯಾವ ಬ್ರಾಂಚಿನಿಂದ ಹೊರಟಿತು ಅಂತ ಹೇಳುವ ಸೈಟ್ ಆಫ್ ಒರಿಜಿನ್ ಗುರುತನ್ನೂ ಹಾಕಿಸಿ, ಓವರ್‌ರೈಡ್ ಮಾಡಿದ ಮೇಲೆ ಸುತ್ತು ಹಿಡಿಯುವವರು ಯಾರೂ ಇರುವುದಿಲ್ಲ.)

ಕಸ್ಟಮರ್ ಕೇರ್ ಏನು ಮಾಡಿತು ಗೊತ್ತಾ? 'ಲಿಂಕ್ ಅಪ್ ಇದೆ' ಅಂತ ದೂರು ಮುಚ್ಚಿತು. ಮತ್ತೆ ಕೂಗಾಡಿದ್ದಕ್ಕೆ ಆ ಮಳೆಯಲ್ಲಿ ಒಬ್ಬ ಹುಡುಗನನ್ನು ಕಳಿಸಿ ಮೋಡೆಮ್ ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಪ, ಆ ಹುಡುಗನ ಕೈಯಲ್ಲಿ ಏನೂ ಇಲ್ಲ, ಸೆಟ್ಟಿಂಗ್ ಮಾಡುವವರು ಕೂತಿರುವುದು ಬೆಂಗಳೂರಿನಲ್ಲಿ.

ಬಿಜಿಪಿ ಬದಲು ಓಎಸ್‌ಪಿಎಫ್ ಅನ್ನುವ ಇನ್ನೊಂದು ರೂಟಿಂಗ್ ಪ್ರೋಟೋಕಾಲ್ ಹಾಕಿಸಿಕೊಂಡವರಿಗೆ ಬೇರೆಯದೇ ತಲೆನೋವು. ಹೆಡ್ ಆಫೀಸಿಗೂ ಊರಾಚೆಯ ಕಾಫಿ ಗೋಡೌನಿಗೂ ವಿಪಿಎನ್ ಲೈನ್ ಇದೆ, ಜೊತೆಗೆ ಬ್ಯಾಕಪ್ಪಿಗೆ ಸ್ವಂತದ ಒಂದು ವೈರ್‌ಲೆಸ್ ಲಿಂಕೂ ಇದೆ ಅಂತಿಟ್ಟುಕೊಳ್ಳಿ. ಎರಡೂ ಕಡೆ ಒಂದೇ ಏರಿಯಾ (ಓಎಸ್‌ಪಿಎಫ್ ಜಾಲದ ಒಂದು ವಿಭಾಗ) ಆಗಿದ್ದರೆ ಟ್ರಾಫಿಕ್ ಎಲ್ಲ ಆ ನಿಧಾನದ ವೈರ್‌ಲೆಸ್ ಮೇಲೇ ಹೋಗುತ್ತದೆ, ಯಾಕೆಂದರೆ ಓಎಸ್‌ಪಿಎಫ್ ಮೊದಲು ನೋಡುವುದು ಏರಿಯಾ ಒಳಗಿನ ರೂಟನ್ನು, ವಿಪಿಎನ್ ಮೂಲಕ ಬಂದದ್ದು ಅದಕ್ಕೆ ಏರಿಯಾ ಹೊರಗಿನದಾಗಿ ಕಾಣುತ್ತದೆ. ಕಾಸ್ಟ್ (ದಾರಿಗೆ ಕೊಡುವ ಅಂಕ) ಎಷ್ಟೇ ಬದಲಿಸಿದರೂ ಪ್ರಯೋಜನ ಇಲ್ಲ. ತಿಂಗಳು ತಿಂಗಳು ಬಾಡಿಗೆ ಕಟ್ಟುವ ವಿಪಿಎನ್ ಲೈನ್ ಖಾಲಿ ಬಿದ್ದಿರುತ್ತದೆ. ಕಂಪನಿಯವರು ತಮ್ಮ ರೂಟರ್‌ಗಳ ನಡುವೆ, ವಿಪಿಎನ್ ದಾರಿಯೂ ಏರಿಯಾ ಒಳಗಿನದೇ ಅಂತ ತೋರಿಸುವ ಶಾಮ್ ಲಿಂಕ್ ಹಾಕಬೇಕು. ಕೇಳದಿದ್ದರೆ ಹಾಕುವುದಿಲ್ಲ, ಕೇಳಬೇಕು ಅನ್ನುವುದು ನಮ್ಮ ಸಂಸ್ಥೆಗಳಿಗೆ ಗೊತ್ತಿರುವುದಿಲ್ಲ, ಅಲ್ವಾ?

ಟೆಂಡರ್ ಕರೆಯುವಾಗ ನಮ್ಮವರು ನೋಡುವುದು ಎಷ್ಟು ಎಂಬಿಪಿಎಸ್, ಎಷ್ಟು ರೂಪಾಯಿ, ಅಷ್ಟೇ. ನನ್ನ ಬೇಡಿಕೆ ದೊಡ್ಡದೇನಲ್ಲ. ಲೈನ್ ಕೊಡುವ ಕಂಪನಿ ಪ್ರತಿ ಬ್ರಾಂಚಿಗೂ ಒಂದು ಹಾಳೆ ಕೊಡಲಿ: ಯಾವ ಪ್ರೋಟೋಕಾಲ್, ಯಾವ ಎಎಸ್ ನಂಬರ್, ಯಾವ ಯಾವ ನೆಟ್‌ವರ್ಕ್ ಅಲ್ಲಿಂದ ಹೊರಡುತ್ತದೆ, ಎಷ್ಟು ರೂಟ್ ಮೀರಿದರೆ ಸೆಷನ್ ಬಿದ್ದುಹೋಗುತ್ತದೆ, ರೂಟಿಂಗ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಈ ಹಾಳೆ ಇಲ್ಲದೆ ಬಿಲ್ ಪಾಸ್ ಆಗಬಾರದು ಅಂತ ಟೆಂಡರಿನಲ್ಲೇ ಬರೆಯಲಿ. ಸಂಸ್ಥೆಯವರೂ ಹಸಿರು ಲೈಟ್ ನೋಡಿ ಸಹಿ ಹಾಕುವುದು ಬಿಟ್ಟು, ಲೈನ್ ಹಾಕಲು ಬಂದವರು ಎದುರಿಗೇ ಇರುವಾಗ ಮೇನ್ ಕೇಬಲ್ ಕಿತ್ತು, ಬ್ಯಾಕಪ್ಪಿನಲ್ಲಿ ಒಂದು ರಸೀದಿ ಪ್ರಿಂಟ್ ಆಗುತ್ತದಾ ನೋಡಲಿ.

– ನೆಟ್‌ವರ್ಕ್ ಕೆಲಸದವನೊಬ್ಬ, ಹಾಸನ